ದ್ರಾಕ್ಷಿ ತೋಟದ ಹೊರಗೆ ತಿಂದ ಗಿಣ್ಣ

ನನ್ನ ಗಂಡನ ಸೋದರಮಾವ ಶಿರೂರಿನ ಹತ್ತಿರ ದ್ರಾಕ್ಷಿ ಹಚ್ಚಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಅದೊಂದು ಹೊಸ ದೊಡ್ಡಸ್ತಿಕೆ. ಹಣ್ಣು ಬಂದಿದೆ, ಎಲ್ಲರೂ ಬನ್ನಿ ಎಂದು ಜೀಪು ಕಳಿಸಿದರು. ಇಳಕಲ್ಲಿನ ನೇಕಾರರ ಮನೆಯಿಂದ ಬಾಗಲಕೋಟೆಗೆ ಮದುವೆಯಾಗಿ ಬಂದ ನಾನು ದ್ರಾಕ್ಷಿಯನ್ನು ಬುಟ್ಟಿಯಲ್ಲಿ ಕಂಡಿದ್ದೆ, ಬಳ್ಳಿಯಲ್ಲಿ ಕಂಡಿರಲಿಲ್ಲ. ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ?

ಮೊದಲು ಬನಶಂಕರಿಗೆ ಹೋದೆವು. ನನಗೆ ಮುಟ್ಟಿನ ಎರಡನೆಯ ದಿನ. ಉಳಿದವರು ಗುಡಿಗೆ ಹೋದಾಗ ನಾನು ಹೊಂಡದ ಆಚೆ ಕೂತು, ಬುಟ್ಟಿ ಹೊತ್ತು ಬಂದವಳ ಹತ್ತಿರ ರೊಟ್ಟಿ, ಪುಟ್ಟ ಗಡಿಗೆಯ ಮೊಸರು ಕೊಂಡು ತಿಂದೆ. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು. ದೇವಿಯ ಮುಂದೆ ನಾನಾಗಿಯೇ ಹೋಗಲಿಲ್ಲ, ಅಲ್ಲಿ ನನ್ನನ್ನು ಯಾರೂ ತಡೆದಿರಲಿಲ್ಲ.

ತಡೆದದ್ದು ತೋಟದ ಬಾಗಿಲಲ್ಲಿ. ಜೀಪಿನಿಂದ ಇಳಿಯುತ್ತಲೇ ನನ್ನ ಅತ್ತೆ ತಮ್ಮನ ಕಿವಿಗೆ ವಿಷಯ ಹಾಕಿದ್ದರು.

"ನೀ ಇಲ್ಲೇ ಬೇವಿನ ಗಿಡದ ಕೆಳಗ ಕೂಡವಾ," ಎಂದರು ಮಾವ. "ಕಡಿಗಿದ್ದಾಕಿ ನೆರಳ ಬಿದ್ರ ಗೊನಿ ಕೊಳಿತಾವ."

ಮುಟ್ಟಾದವಳ ನೆರಳಿಗೇ ಕೊಳೆಯುವ ಹಣ್ಣಿಗೆ ಅಷ್ಟೆಲ್ಲ ಔಷಧಿ ಯಾಕೆ ಹೊಡೆಯುತ್ತಿದ್ದರೋ! ನನ್ನ ಗಂಡ ತಲೆ ಬಗ್ಗಿಸಿ ಒಳಗೆ ನಡೆದರು. ನಾನು ಸಿಟ್ಟಿನಲ್ಲೇ ಬೇವಿನ ಗಿಡದ ಕೆಳಗೆ ಕೂತೆ.

ಮಧ್ಯಾಹ್ನ ತೋಟದ ಕೂಲಿ ಹೆಣ್ಣುಮಕ್ಕಳು ಉಣ್ಣಲು ಅದೇ ಗಿಡದ ಕೆಳಗೆ ಬಂದರು. ಬೀರಪ್ಪ ದೇವರ ಭಂಡಾರದ ಅರಿಸಿನ ಹಣೆಗಿಟ್ಟ ಒಬ್ಬಳು, ಕುರಿ ಎಮ್ಮೆ ಸಾಕುವ ಮನೆಯವಳು, ತನ್ನ ಡಬ್ಬಿ ನನ್ನ ಮುಂದಿಟ್ಟಳು. ಏಲಕ್ಕಿ ಬೆಲ್ಲ ಹಾಕಿ ಕಾಸಿದ ಗಿಣ್ಣ.

"ತಗೋರಿ ಅಕ್ಕಾರ, ಎಮ್ಮಿ ಈದು ಮೂರ ದಿನಾ ಆತು."

"ನಾ ಕಡಿಗ್ಯಾಗೇನಿ. ನಾ ತಿಂದು ನಿಮ್ಮ ಎಮ್ಮಿ ಬತ್ತಿದ್ರ?"

"ಹಂಗಿದ್ರ ಅದು ಎಂದೋ ಬತ್ತಬೇಕಿತ್ತು. ದಿನಾ ಹಿಂಡಾಕಿ ನಾನೇ ಅಲ್ರಿ," ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಂದೂ ಇವತ್ತ ಮೂರನೇ ದಿನಾ. ಮುಂಜಾನಿಂದ ಗೊನಿ ಕೊಯ್ಯಾಕತ್ತೇನಿ. ಯಾರ ಮುಂದೂ ಅನಬ್ಯಾಡ್ರಿ, ಗೊತ್ತಾದ್ರ ಕೆಲಸಾ ಹೋಗತೈತಿ," ಎಂದಳು.

ಅಂಥ ಗಿಣ್ಣವನ್ನು ನಾನು ಮತ್ತೆ ತಿಂದಿಲ್ಲ. ಡಬ್ಬಿ ಖಾಲಿ ಮಾಡಿದೆ.

ಅಷ್ಟರಲ್ಲಿ ಮನೆಯವರು ಹೊರಗೆ ಬಂದರು. ಅತ್ತೆ ನನ್ನ ಕೈಗೊಂದು ಗೊನೆ ಕೊಟ್ಟು, ಭಾಳ ಸವಿ ಅದಾವ ಎಂದರು. ಮಾವನ ಎದೆ ಉಬ್ಬಿತು.

"ಮತ್ತ? ಮಡೀಲಿಂದ ಬೆಳಸೇನಿ. ಮೈಲಿಗಿ ಕೈ ಒಂದೂ ತಾಗಿಲ್ಲ."

ಸುಮ್ಮನಿರಬೇಕಿತ್ತು. ಮಾತು ಆಡಿದರೆ ಹೋಯಿತು ಎಂದು ನನಗೇನು ಗೊತ್ತಿರಲಿಲ್ಲವೇ?

"ಮಾಮಾ, ಇವರೆಲ್ಲಾ ತಿಂಗಳ ಮೂವತ್ತೂ ದಿನಾ ನಿಮ್ಮ ಗೊನಿ ಮುಟ್ಟತಾರ. ಇವರು ಹೆಣ್ಣಮಕ್ಕಳಲ್ಲೇನು? ಇವತ್ತೂ ಮುಟ್ಯಾರ, ಅದನ್ನೇ ನೀವು ಸವಿ ಅನ್ನಾಕತ್ತೀರಿ."

ನಾನು ಯಾರನ್ನೂ ತೋರಿಸಿರಲಿಲ್ಲ. ಆದರೆ ಮಾವ ನನ್ನ ಪಕ್ಕದಲ್ಲಿದ್ದವಳನ್ನೇ ಮೊದಲು ಕೇಳಿದರು.

"ಬೀರಪ್ಪನ ಆಣಿ ಮಾಡಿ ಹೇಳು. ನೀ ಕಡಿಗಿಲ್ಲ?"

ಅವಳು ಎದ್ದು ನಿಂತಳು. ಒಂದು ಸುಳ್ಳು ಆಣೆ ಹಾಕಲಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

"ಬೀರಪ್ಪನ ಮ್ಯಾಲೆ ಸುಳ್ಳ ಆಣಿ ಮಾಡೂದಿಲ್ರಿ, ಧಣಿ."

"ನಾಳಿಂದ ಬರಬ್ಯಾಡ," ಎಂದರು ಮಾವ. ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಣ್ಣು ಕೊಯ್ದು ರಾಶಿ ಹಾಕಿದ್ದವಳು ಅವಳು, ತಿಂದವರು ನಾವು, ಮೈಲಿಗೆ ಮಾತ್ರ ಅವಳದ್ದು! ಆದರೆ ಅವಳ ಗುಟ್ಟನ್ನು ಆಡಿ ತೋರಿಸಿದ ಬಾಯಿ ನನ್ನದು. ತಪ್ಪಾಯಿತು ಎನ್ನಲೂ ಆಗ ಆ ಬಾಯಿ ತೆರೆಯಲಿಲ್ಲ.

ಅವಳು ಡಬ್ಬಿಗೆ ಕೈ ಚಾಚಿದಳು. ಗಿಣ್ಣ ಕೊಟ್ಟ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಮರಳಿಸುವುದಿಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತೇವೆ. ನನ್ನ ಹತ್ತಿರ ಇದ್ದದ್ದು ಆ ಗೊನೆಯೊಂದೇ. ಅದನ್ನೇ ಡಬ್ಬಿಯಲ್ಲಿಟ್ಟು ಕೊಟ್ಟೆ.

ಅವಳು ನೋಡಿದಳು. ಡಬ್ಬಿಯನ್ನು ನನ್ನ ಉಡಿಯ ಮೇಲೆ ಬೋರಲು ಮಾಡಿದಳು.

"ನಾ ಇದನ್ನ ಮುಟ್ಟಬಾರದಂತಲ್ರಿ, ಅಕ್ಕಾರ," ಎಂದು ಹೊಲದ ದಾರಿ ಹಿಡಿದಳು.