ನೂರಿಪ್ಪತ್ತು ಎಳೆಯ ಟೈರು

ನಮ್ಮ ಮನೆಯವರು ಪೊನ್ನುಸ್ವಾಮಿ ಸೇಲಂ ಹತ್ತಿರದ ತಾರಮಂಗಲದಲ್ಲಿ ಮೂವತ್ತೊಂದು ವರ್ಷ ಪಟ್ಟು ಸೀರೆ, ಅಂದರೆ ರೇಷ್ಮೆ ಸೀರೆ ನೇಯ್ದವರು. ಹೋದ ವರ್ಷ ಒಂದು ಮಧ್ಯಾಹ್ನ ಅರ್ಧ ಸೀರೆಯನ್ನು ಮಗ್ಗದಲ್ಲೇ ಬಿಟ್ಟು ಎದ್ದರು. ಮಂಡಿ ನೋವು ಅಂದರು. ಆಮೇಲೆ ಕೂರಲೇ ಇಲ್ಲ. ಜಗಲಿಯಲ್ಲಿ ಕೂತು ಬೀದಿ ನೋಡುವ ಗಂಡನ ಮುಖವನ್ನು ಎಷ್ಟು ದಿನ ನೋಡುವುದು? ನನಗಂತೂ ಸಿಟ್ಟು ನೆತ್ತಿಗೇರುತ್ತಿತ್ತು. ಮಗ್ಗ ಕೊಳ್ಳುತ್ತೇವೆಂದು ಎಡಪ್ಪಾಡಿ ಊರಿನವರು ಎರಡು ಸಲ ಬಂದರು. ಎರಡು ಸಲವೂ ನಾನೇ ಅಟ್ಟಿದೆ.

ಮಂಡಿಗೆ ಸೈಕಲ್ ತುಳಿಯಿರಿ ಅಂದರು ಡಾಕ್ಟರು. ಇವರು ಹೋಗಿ ಕಾಲೇಜು ಹುಡುಗರು ಓಡಿಸುವ ರೋಡ್ ಬೈಕ್ ತಂದರು, ಸೆಕೆಂಡ್ ಹ್ಯಾಂಡು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಎರಡು ಬೆರಳು ಅಗಲವೂ ಇಲ್ಲದ ಚಕ್ರ. ಬೀದಿಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅದರ ಮೇಲೆ ಕೂತಾಗ ಅವರ ಕಣ್ಣು ಎಲ್ಲೋ ದೂರಕ್ಕೆ ಹೋಗುತ್ತಿತ್ತು.

“ಮೆಟ್ಟೂರ್ ಗಂಟ ತುಳ್ಕಂಡು ಓಗ್ತೀನಿ ಕಲೈ. ಡ್ಯಾಮಿನ್ ನೀರ್ ನೋಡ್ಕಂಡು ಬಂದ್ಮೇಲೆ ಮಗ್ಗಕ್ಕೆ ಕೂತ್ಕೋತೀನಿ,” ಅಂದರು ನನಗೆ ಒಂದು ದಿನ.

ಆ ಒಂದು ಮಾತಿಗಾಗಿ ನಾನು ಆ ಸೈಕಲ್ಲಿಗೆ ಅರಿಶಿನ ಕುಂಕುಮ ಇಟ್ಟೆ.

ಹಳೆಯ ಟೈರುಗಳು ಬಿರುಕು ಬಿಟ್ಟಿದ್ದವು. ಸೇಲಂನಲ್ಲಿ ಅರುಣಾಚಲಂ ಅಂತ, ನಮ್ಮ ಹಾಗೆ ಕನ್ನಡ ಮಾತಾಡುವವರೇ, ಅವರ ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು. ಅವರು ಎರಡು ತರದ ಟೈರು ಮುಂದಿಟ್ಟರು. ಒಂದು ಇಪ್ಪತ್ತೆಂಟು ಮಿಲಿಮೀಟರ್ ಅಗಲದ್ದು, ದಪ್ಪ, ಒಳಗೆ ಮುಳ್ಳು ತಡೆಯುವ ಪಟ್ಟಿ, ಇಂಚಿಗೆ ಅರವತ್ತು ಎಳೆ. ಇನ್ನೊಂದು ಇಪ್ಪತ್ತೈದರದ್ದು, ತೆಳು, ಇಂಚಿಗೆ ನೂರಿಪ್ಪತ್ತು ಎಳೆ. ರಬ್ಬರಿನೊಳಗೆ ನೂಲಿನ ಬಟ್ಟೆ ಇರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ಎಳೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಇವರು ನೆಟ್ಟಗಾದರು.

“ತೆಳುದು ರೇಸಿಗೆ ಅಣ್ಣಾ. ಚೆನ್ನಾಗ್ ಓಡ್ತೈತೆ, ಆದ್ರೆ ನಮ್ ರೋಡೆಲ್ಲಾ ಜಾಲಿ ಮುಳ್ಳು. ದಪ್ಪಂದೇ ತಕ್ಕೊಳ್ಳಿ,” ಅಂದರು ಅರುಣಾಚಲಂ.

ಇವರು ತೆಳು ಟೈರನ್ನು ಬೆರಳಿನಿಂದ ಸವರಿ ಕಣ್ಣು ಮುಚ್ಚಿದರು. “ಇದು ಪಟ್ಟು, ಅದು ಗೋಣಿ. ನೇಯೋನಿಗೆ ನೀನ್ ಏಳ್ಕೊಡ್ತೀಯಾ?”

ನನಗೆ ಎಷ್ಟು ಖುಷಿಯಾಯಿತೆಂದರೆ, ಬೇಡ ಅನ್ನುವ ಬುದ್ಧಿಯೇ ಬರಲಿಲ್ಲ. ಅರುಣಾಚಲಂ ನಕ್ಕು ತೆಳು ಟೈರನ್ನೇ ತೆಗೆದಿಟ್ಟರು. ಆ ರಿಮ್ಮಿನ ತೂತಿಗೆ ಗಾಳಿ ಹೊಡೆಯುವ ಮೂತಿ ದಪ್ಪವಿರುವ ಟ್ಯೂಬು ಹಿಡಿಸುವುದಿಲ್ಲವೆಂದು ಸಣ್ಣ ಮೂತಿಯದನ್ನು ಹುಡುಕಿ ಹಾಕಿದರು. ಇನ್ನೊಂದು ಟ್ಯೂಬು, ಕೈಪಂಪು, ಪಂಚರ್ ಡಬ್ಬಿ ಚೀಲಕ್ಕೆ ಹಾಕಿ ಕೊಟ್ಟರು. “ಪಂಚರಾದ್ರೆ ಮೊದ್ಲು ಟೈರ್ ಒಳ್ಗೆ ಬೆರಳಾಡ್ಸಿ ಅಣ್ಣಾ. ಮುಳ್ಳು ಅಲ್ಲೇ ಇದ್ರೆ ಒಸಾ ಟ್ಯೂಬೂ ಓಗ್ತೈತೆ.”

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಇವರು ಹೊರಟರು. ಮೊಸರನ್ನ ಕಟ್ಟಿಕೊಂಡು ಆಮೇಲಿನ ಬಸ್ಸಿಗೆ ನಾನು. ಮಂಜಿನಲ್ಲಿ ಗುಡ್ಡಗಳು ಇದ್ದೂ ಇಲ್ಲದ ಹಾಗಿದ್ದವು. ಕಿಟಕಿಯ ಗಾಳಿಗೆ ಕಣ್ಣು ಎಳೆಯಿತು. ಜೊಂಪಿನಲ್ಲಿ ನಮ್ಮ ಮಗ್ಗ ಆಡುತ್ತಿತ್ತು, ಅದೇ ಹಳೆಯ ಟಕ್ ಟಕ್. ಅರ್ಧಕ್ಕೆ ನಿಂತ ಆ ನೀಲಿ ಸೀರೆ ತಾನಾಗಿ ನೇಯಿಸಿಕೊಳ್ಳುತ್ತ, ಮನೆಯಿಂದ ಬೀದಿಗಿಳಿದು, ಹೊಲ ದಾಟಿ, ಡ್ಯಾಮಿನ ನೀರಿನ ಮೇಲೆ ಹಾಸಿಕೊಳ್ಳುತ್ತ ಹೋಗುತ್ತಿತ್ತು. ಇವರು ಅದರ ಮೇಲೆ ಸೈಕಲ್ ತುಳಿಯುತ್ತಿದ್ದರು. ಬಸ್ಸು ಕುಲುಕಿ ಕಣ್ಣು ಬಿಟ್ಟರೆ, ನಂಗವಳ್ಳಿ ದಾಟಿದ್ದೆವು. ರಸ್ತೆ ಪಕ್ಕದ ಹುಣಸೆ ಮರದಡಿ ಇವರು ಚಕ್ರ ತೊಡೆಯ ಮೇಲಿಟ್ಟು ಕೂತಿದ್ದರು. ಕೂಗಿ ಬಸ್ಸು ನಿಲ್ಲಿಸಿ ಇಳಿದೆ.

“ಏನ್ರೀ, ಏನಾಯ್ತು?”

“ಪಂಚರು. ಇನ್ನೊಂದು ಟ್ಯೂಬ್ ಆಕ್ದೆ, ಅದೂ ಓಯ್ತು.”

“ಒಳ್ಗೆ ಬೆರಳಾಡ್ಸಿದ್ರಾ?”

“ಮೂರ್ ಸಲ ಆಡ್ಸ್ದೆ. ಏನೂ ಇಲ್ಲ.”

ಟೈರು ಕಿತ್ತುಕೊಂಡು ನಾನೇ ಬೆರಳಾಡಿಸಿದೆ. ಅರ್ಧ ಸುತ್ತು ಬರುವಷ್ಟರಲ್ಲಿ ಚುರುಕ್ ಅಂತು. ಜಾಲಿ ಮುಳ್ಳಿನ ತುದಿ. ಬೆರಳಲ್ಲಿ ರಕ್ತ ಬಂತು.

“ಮೂರ್ ಸಲ ಆಡ್ಸಿದ್ರಂತೆ, ಮೂರ್ ಸಲ! ಗ್ಯಾನ ಎಲ್ಲಿತ್ತು ನಿಮ್ಗೆ?” ಅಂತ ಬೈಯುತ್ತಲೇ ಅವರ ಕೈ ನೋಡಿದೆ. ಬೆರಳುಗಳ ತುದಿಯಲ್ಲಿ ಮೂರು ಕಡೆ ರಕ್ತದ ಚುಕ್ಕೆ. ಒಂದು ಆಗಲೇ ಒಣಗಿತ್ತು. ಅವರೂ ನೋಡಿದರು, ಅದು ಇನ್ಯಾರದೋ ಕೈ ಅನ್ನುವಂತೆ.

“ಮಂಡಿ ಅಲ್ಲ ಕಲೈ,” ಅಂದರು. “ಬೆರಳ್ ಮರಗಟ್ಟೋಗೈತೆ. ಎಳೆ ಕಿತ್ರೂ ಗೊತ್ತಾಗಲ್ಲ.”

“ಅಂಗಡೀಲಿ ಸವರಿ ಏಳಿದ್ರಲ್ಲ, ಪಟ್ಟು ಅಂತ?”

“ಅದ್ರ ಮೇಲ್ ಎಳೆ ನಂಬರ್ ಆಕಿತ್ತು, ಓದ್ಕಂಡೆ.”

ನನಗೆ ಅಳು ಬಂತು. ಒಂದು ವರ್ಷ ಈ ಮನುಷ್ಯನನ್ನು ಸೋಮಾರಿ ಅಂತ ಬಾಯಿಗೆ ಬಂದ ಹಾಗೆ ಬೈದಿದ್ದೆನಲ್ಲ. ರಸ್ತೆಯಲ್ಲಿ ಹೋಗುವವರು ನೋಡಿದರೆ ನೋಡಲಿ ಅಂತ ಅತ್ತುಬಿಟ್ಟೆ.

“ಎಡಪ್ಪಾಡಿಯವ್ರಿಗೆ ಮಗ್ಗ ಕೊಟ್ಬುಡು,” ಅಂದರು ಮೆಲ್ಲಗೆ.

ಇಪ್ಪತ್ತೇಳು ವರ್ಷ ಇವರಿಗೆ ನೂಲು ಸುತ್ತಿ ಕೊಟ್ಟವಳು ನಾನು. ಆ ಮಗ್ಗಕ್ಕೆ ಒಂದು ದಿನವೂ ಕೂತವಳಲ್ಲ.

“ಕೊಡಲ್ಲ. ನಾನ್ ಕೂತ್ಕೋತೀನಿ. ನೀವು ಪಕ್ಕದಲ್ಲಿ ಕೂತು ಏಳ್ಕೊಡಿ.”

ನಾನು ಮುಳ್ಳು ಕಿತ್ತೆ, ಟ್ಯೂಬಿಗೆ ತೇಪೆ ಅಂಟಿಸಿದೆ. ಅವರು ಗಾಳಿ ಹೊಡೆದರು. ಮಂಜು ಕರಗಿ ಬಿಸಿಲು ಬಂದಿತ್ತು. ಸೈಕಲ್ಲನ್ನು ಮರಕ್ಕೆ ಒರಗಿಸಿ, ನನ್ನ ಕೈ ಹಿಡಿದು, ಮುಳ್ಳು ಚುಚ್ಚಿದ ಬೆರಳನ್ನು ಒತ್ತಿದರು.

“ನೋವಾಗ್ತೈತಾ?”

“ಆಗ್ತೈತೆ.”

“ಅಂಗಾದ್ರೆ ನಾಳೆ ಮಗ್ಗಕ್ಕೆ ಕೂತ್ಕೋ,” ಅಂದರು.