ತಪ್ಪು ಪಾಸ್‌ವರ್ಡ್

ಮೂಡಲಗಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ತಾಜುದ್ದೀನ ಇಪ್ಪತ್ತೆರಡು ವರ್ಷಗಳಿಂದ ಲಗ್ನಪತ್ರಿಕೆ ಮಾಡುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವ ಕೆಲಸದಿಂದ ಕಂಪ್ಯೂಟರಿಗೆ ಬಂದವರು. ತಾವೇ ಕೆಲಸ ಕಲಿಸಿದ ಅರ್ಚನಾಳ ಬಗ್ಗೆ ಅವರಿಗೆ ಅಭಿಮಾನವಿತ್ತು. ಅವಳ ಕೈ ತಮ್ಮದಕ್ಕಿಂತ ಚುರುಕಾದ ಮೇಲೆ ಸ್ವಲ್ಪ ಅಂಜಿಕೆಯೂ.

ಪತ್ರಿಕೆಗಳೆಲ್ಲ ಒಳಕೋಣೆಯ ಕಂಪ್ಯೂಟರಿನಲ್ಲಿದ್ದವು. ಆ ಫೋಲ್ಡರನ್ನು ಇಬ್ಬರೂ ತಮ್ಮ ತಮ್ಮ ಮೇಜಿನಿಂದಲೇ ತೆರೆಯುತ್ತಿದ್ದರು. ಎರಡು ದಿನ ಅಂಕಲಗಿಯಲ್ಲಿ ತಂಗಿಯ ಮಗಳ ಮದುವೆ ಮುಗಿಸಿ ಮಂಗಳವಾರ ಬಂದರೆ, ತಾಜುದ್ದೀನರಿಗೆ ಅದು ತೆರೆಯಲಿಲ್ಲ. ಹೆಸರು, ಪಾಸ್‌ವರ್ಡ್ ಕೇಳಿತು. ದಿನವೂ ತಮ್ಮ ಕಂಪ್ಯೂಟರಿಗೆ ಹಾಕುವ ನಾಲ್ಕು ಅಂಕಿಗಳನ್ನೇ ಹಾಕಿದರು. ತಪ್ಪು ಎಂದಿತು. ಐದು ಸಲ ಹಾಕಿದರು. ಎದುರಿಗೆ ಕಲ್ಲೋಳಿಯ ಶಿವವ್ವ ಮಗಳ ಲಗ್ನಪತ್ರಿಕೆಯ ತಿದ್ದುಪಡಿ ಹಿಡಿದು ಕುಳಿತಿದ್ದರು. ಪಕ್ಕದಲ್ಲಿ ಅರ್ಚನಾಳ ಪರದೆಯ ಮೇಲೆ ಅದೇ ಫೋಲ್ಡರ್ ತೆರೆದಿತ್ತು.

“ಪಾಸ್‌ವರ್ಡ್ ಬದಲ ಮಾಡೀಯೇನವಾ? ಕಲಿಸಿದವನ್ನ ಹೊರಗ ನಿಂದರಸಾಕತ್ತಿ?”

“ನಾ ಮಾಡಿಲ್ರಿ ಕಾಕಾ.”

“ಮತ್ತ ನಿಂದಷ್ಟ ಹೆಂಗ ತೆಗೀತೈತಿ?”

“ಈಗಿನ ಹುಡುಗ್ಯಾರು ಹಿಂಗ ನೋಡ್ರಿ,” ಎಂದು ಶಿವವ್ವ ತಿದ್ದುಪಡಿಯ ಹಾಳೆ ಇಟ್ಟು ಬಸ್ಸಿಗೆ ಹೊರಟರು. ತಾಜುದ್ದೀನ ಮತ್ತೆ ಅದೇ ಅಂಕಿಗಳನ್ನು ಒತ್ತತೊಡಗಿದರು.

ಶಿವವ್ವ ಹೋಗುವ ತನಕ ಕಾದು ಅರ್ಚನಾ ಎದ್ದು ಬಂದಳು. “ಅದು ಕೇಳೋದು ನಿಮ್ಮ ಮಷೀನಿನ ಪಾಸ್‌ವರ್ಡ್ ಅಲ್ರಿ, ಒಳಗಿನ ಮಷೀನಿಂದು. ಮಾಲಕರು ಹೇಳಿದ್ರಂತ ಶನಿವಾರ ಊರಿಗೆ ಹೋಗೂ ಮುಂದ ನೀವ ಬದಲ ಮಾಡಿದ್ರಿ. ನನಗೂ ಹೇಳಿದ್ರಿ.” ಅವರ ಕಂಪ್ಯೂಟರಿನಲ್ಲಿ ಉಳಿದುಕೊಂಡಿದ್ದ ಹಳೆಯ ಪಾಸ್‌ವರ್ಡ್ ಅಳಿಸಿ ಹೊಸದನ್ನು ಹಾಕಿದಳು. ಫೋಲ್ಡರ್ ತೆರೆಯಿತು.

ತಾಜುದ್ದೀನ “ಹೂಂ” ಎಂದರಷ್ಟೇ. ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಅವಳತ್ತ ನೋಡುವುದನ್ನೇ ತಪ್ಪಿಸಿದರು.

ಗುರುವಾರ ಪತ್ರಿಕೆಗಳ ಕಟ್ಟನ್ನು ತಾವೇ ಸ್ಕೂಟರಿನಲ್ಲಿ ಕಲ್ಲೋಳಿಗೆ ಒಯ್ದರು. “ಅವತ್ತಿನ ತಪ್ಪು ನಂದ ಇತ್ರಿ. ಆ ಹುಡುಗೀದಲ್ಲ,” ಎಂದರು.

ಶಿವವ್ವ ನೀರಿನ ತಂಬಿಗೆ ಕೊಡುತ್ತ ಕೇಳಿದರು: “ಅಕಿಗೆ ಹೇಳೀರೇನ್ರಿ?”

ಅವರು ತಂಬಿಗೆ ಎತ್ತಿ ನೀರು ಕುಡಿದರು. ಅಷ್ಟು ದೂರ ಬರುವುದು, ಎರಡು ಮಾರು ಆಚೆಯ ಅರ್ಚನಾಳ ಮೇಜಿಗೆ ಹೋಗುವುದಕ್ಕಿಂತ ಸುಲಭವಾಗಿತ್ತು.

ಪ್ರೆಸ್ಸಿಗೆ ಮರಳಿ, ಹೆಲ್ಮೆಟ್ ಕೈಯಲ್ಲೇ ಹಿಡಿದು ಹೇಳಿದರು. “ತಪ್ಪಾತವಾ. ಕೇಳದ ನಿನ್ನ ಮ್ಯಾಲ ಹಾಕಿದೆ.”

“ಗಿರಾಕಿ ಮುಂದ ಅಂದ್ರಿ ಕಾಕಾ,” ಎಂದಳು ಅವಳು, ಮೆಲ್ಲಗೆ.

“ಹೌದು.”

ಹೆಲ್ಮೆಟ್ಟನ್ನು ಅವಳ ಮೇಜಿನ ಮೇಲಿಟ್ಟರು. ಅವಳು ಪರದೆಯನ್ನು ಅವರತ್ತ ತಿರುಗಿಸಿ, “ಈ ಅಕ್ಷರ ಇಷ್ಟ ದಪ್ಪ ಇರ್ಲೇನ್ರಿ?” ಎಂದು ಕೇಳಿದಳು.