ಎಲ್ಲಿಗೆ ಎಂದು ಕೇಳುವ ಗೆಳೆಯ

ಕೆಲಸ ಹುಡುಕುತ್ತ ಸಿಂಧನೂರಿನಿಂದ ಲಿಂಗಸುಗೂರಿಗೆ ಎಷ್ಟು ಸಲ ಹೋದೆನೆಂಬುದು ನನಗೆ ಖಚಿತವಿಲ್ಲ. ಹತ್ತಾರು ಸಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಾಲ್ಕೈದು ಸಲ ಅಷ್ಟೇ, ಉಳಿದದ್ದೆಲ್ಲ ಮಾತಿನ ಭರದಲ್ಲಿ ಕೂಡಿಸಿಕೊಂಡದ್ದು ಎನ್ನುತ್ತಾಳೆ ಅಕ್ಕ. ಅವಳ ಮಾತು ನಿಜವಿರಬಹುದು. ಒಂದೇ ಕತೆಯನ್ನು ಬಹಳ ಮಂದಿಯ ಮುಂದೆ ಹೇಳಿದವನಿಗೆ, ಕೊನೆಗೆ ನೆನಪಿರುವುದು ಕತೆಯೋ ನಡೆದದ್ದೋ ತಿಳಿಯದಂತಾಗುತ್ತದೆ. ಹಾಗಾಗಿ ಇಲ್ಲಿ ಬರೆದದ್ದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿ ಒಂದೆರಡು ವರ್ಷಗಳಾಗಿದ್ದವು. ನಾನು ಹೈದರಾಬಾದಿನಲ್ಲಿ ಉರ್ದು ಮಾಧ್ಯಮದಲ್ಲಿ ಗಣಿತ ಓದಿ ಪದವಿ ಪಡೆದು ಊರಿಗೆ ಬಂದೆ. ಅಷ್ಟರಲ್ಲಿ ಕಚೇರಿಗಳಿಗೆ ಇಂಗ್ಲಿಷು, ಶಾಲೆಗಳಿಗೆ ಕನ್ನಡ ಬರತೊಡಗಿತ್ತು. ಅಪ್ಪನಿಗೆ ಸಿಂಧನೂರಿನ ಪೇಟೆಯಲ್ಲಿ ಅರಿವೆ ಅಂಗಡಿ. ಒಬ್ಬನೇ ಮಗನಾದ ನಾನು ಆ ಅಂಗಡಿಯ ಗಾದಿಯ ಮೇಲೆ ಕೂಡಬೇಕೆಂಬುದು ಅವನ ಆಸೆ.

"ದಸರಾತನಕ ತಿರುಗು. ಸಿಕ್ರ ಸಿಗಲಿ. ಇಲ್ಲಂದ್ರ ಬಂದು ಗಾದಿ ಮ್ಯಾಲೆ ಕುಂದ್ರು. ಅದೇನು ನಿನ್ನ ಡಿಗ್ರಿ ಕೇಳಂಗಿಲ್ಲ" ಎಂದ.

ನನಗೆ ಅಂಗಡಿಯೆಂದರೆ ಉಸಿರು ಕಟ್ಟುತ್ತಿತ್ತು. ಕೂತಲ್ಲಿ ಕೂಡುವ ಜಾತಿಯವನಲ್ಲ ನಾನು. ಆದರೆ ಎರಡು ಮೂರು ಕಡೆ ಇಲ್ಲವೆನ್ನಿಸಿಕೊಂಡು ಬಂದ ಮೇಲೆ ಮತ್ತೆ ಬಸ್ಸು ಹತ್ತಲು ಕಾಲು ಬರುತ್ತಿರಲಿಲ್ಲ. ಆಗ ನನ್ನನ್ನು ಉಳಿಸಿದ್ದು ಒಂದು ಪ್ರಯೋಗ.

ನಮ್ಮ ಕಡೆ ಹೊರಟವರನ್ನು 'ಎಲ್ಲಿಗೆ ಹೊಂಟಿ?' ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಿಳಿಯಲೇಬೇಕಿದ್ದರೆ 'ದೂರ ಹೊಂಟೀರೇನ್ರಿ?' ಎನ್ನಬೇಕು. ಬಾಯಿತಪ್ಪಿ ಯಾರಾದರೂ ಎಲ್ಲಿಗೆ ಎಂದುಬಿಟ್ಟರೆ, ಹೊರಟವರು ಒಂದಿಷ್ಟು ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಓದಿದ ನನಗೆ ಇದು ಶುದ್ಧ ಮೂಢತನವಾಗಿ ಕಂಡಿತು. ಮೂಢತನವಾದರೆ ಅದನ್ನು ಪರೀಕ್ಷಿಸಿಯೇ ತೋರಿಸಬೇಕಲ್ಲ? ಬಸ್‌ಸ್ಟ್ಯಾಂಡಿನ ಎದುರು ಚಹಾದ ಹೋಟೆಲು ಇಟ್ಟಿದ್ದ ನನ್ನ ಗೆಳೆಯನನ್ನು ಒಪ್ಪಿಸಿದೆ. ಒಂದು ಸಲ ಹೊರಟಾಗ ಅವನು ಎಲ್ಲಿಗೆ ಎಂದು ಕೂಗಿ ಕೇಳಬೇಕು, ಮುಂದಿನ ಸಲ ಬಾಯಿ ಮುಚ್ಚಿಕೊಂಡಿರಬೇಕು. ಯಾವ ಸಲ ಕೆಲಸ ಸಿಗುತ್ತದೆಂದು ನೋಡುವುದು.

"ನಿನ್ನ ಹಣೇಬಾರ ಕೆಡಿಸಿದ ಪಾಪ ನನಗ್ಯಾಕಲೇ?" ಎಂದು ಅವನು ಮೊದಲು ಹಿಂದೆ ಸರಿದ.

"ಈಗೇನು ಭಾಳ ಚೆಂದ ಐತಿ, ಕೆಡಾಕ?"

ಮೊದಲ ಸಲ ಅವನು ಕೂಗಿದ್ದು ನನಗಷ್ಟೇ ಅಲ್ಲ, ಇಡೀ ಬಸ್ಸಿಗೇ ಕೇಳಿತು. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕಿ ಗಂಟುಮೂಟೆ ಸಮೇತ ಕೆಳಗಿಳಿದು ಕಟ್ಟೆಯ ಮೇಲೆ ಕೂತುಬಿಟ್ಟಳು.

"ಯಮ್ಮಾ, ಅಂವ ನಿನ್ನ ಕೇಳಿಲ್ಲ. ಹತ್ತಬೇ!" ಎಂದು ಡ್ರೈವರ್ ಹಾರ್ನ್ ಒತ್ತಿದ.

"ಯಾರನ್ನರ ಕೇಳಲಿ, ನನ್ನ ಕಿವಿಗೆ ಬಿತ್ತಿಲ್ಲೋ? ಮಗಳ ಬಾಣಂತನಕ್ಕ ಹೊಂಟೀನಿ. ನೀರು ತರ್ರೋ!"

ಗೆಳೆಯನೇ ನೀರು ತಂದುಕೊಟ್ಟು ಬೈಸಿಕೊಂಡ. ಬಸ್ಸು ಹೊರಟಾಗ ಇಡೀ ಬಸ್ಸು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಆ ದಿನ ಕೆಲಸ ಸಿಗಲಿಲ್ಲ. ಅವನು ಕೇಳದೆ ಬಿಟ್ಟ ಮುಂದಿನ ಸಲವೂ ಸಿಗಲಿಲ್ಲ. ಸಮಸಮ! ನನಗೆ ಬೇಜಾರಾಗುವ ಬದಲು ಖುಷಿಯಾಯಿತು. ಕೆಲಸ ಸಿಗದ ದಿನವೂ ಪ್ರಯೋಗಕ್ಕೆ ಒಂದು ಫಲಿತಾಂಶ ಸಿಗುತ್ತಿತ್ತು. ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ, ಇನ್ನೊಂದು ಸಲ ಹೋಗಲೇಬೇಕು ಎನ್ನಿಸುತ್ತಿತ್ತು.

ಅಕ್ಕನನ್ನು ಕೊಟ್ಟದ್ದು ದಾರಿಯ ನಡುವಿನ ಮಸ್ಕಿಗೆ. ಮರಳುವಾಗ ಅವಳು ಬಸ್ಸು ನಿಲ್ಲುವಲ್ಲಿಗೇ ಬಂದು, ನನ್ನ ಮುಖ ನೋಡಿಯೇ ಉತ್ತರ ತಿಳಿದುಕೊಳ್ಳುತ್ತಿದ್ದಳು.

"ಇಲ್ಲಂದ್ರೇನೋ? ಮತ್ತ್ಯಾಕ ನಗಾಕತ್ತಿ? ಹುಚ್ಚಗಿಚ್ಚ ಹಿಡಿದೈತೇನು?"

"ಇಲ್ಲಂದ್ರು. ಆದ್ರ ಸಿದ್ಧಾಂತ ಗಟ್ಟಿ ಆಗಾಕತ್ತೈತಿ."

"ಸಿದ್ಧಾಂತ ರೊಟ್ಟಿ ಹಾಕತೈತೇನು? ಇಳಿ, ಉಂಡು ಹೋಗು."

ದಸರಾ ಹತ್ತಿರ ಬಂತು. ಲಿಂಗಸುಗೂರಿನ ಒಂದು ಶಾಲೆಗೆ ಗಣಿತದ ಮಾಸ್ತರು ಬೇಕಾಗಿದ್ದಾರೆಂದು ತಿಳಿಯಿತು. ಹಬ್ಬಕ್ಕೆ ಮುಂಚೆ ಇದೇ ಕೊನೆಯ ಸಂದರ್ಶನ. ಇದು ಹೋದರೆ ಗಾದಿಯೇ ಗತಿ. ಆ ಸಲ ಗೆಳೆಯ ಕೇಳಬೇಕಾದ ಸರದಿ. ನನ್ನ ಎದೆ ಮೊದಲ ಬಾರಿಗೆ ಅಳುಕಿತು.

"ಈ ಸಲ ಬಿಡಲೇನಪಾ?" ಎಂದು ಅವನೂ ಮೆಲ್ಲಗೆ ಅಂದ.

ಬಿಡು ಎನ್ನಲು ಬಾಯಿ ತೆರೆದೆ. ಆದರೆ ಒಮ್ಮೆ ಬಿಟ್ಟರೆ ಅಲ್ಲಿಯವರೆಗಿನದೆಲ್ಲ ಹುಡುಗಾಟಿಕೆಯಾಗುತ್ತಿತ್ತು. "ಕೇಳು" ಎಂದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ನನ್ನ ನೆನಪಿನಲ್ಲಿ ಬಸ್ಸು ಅರ್ಧಕ್ಕರ್ಧ ಖಾಲಿಯಿತ್ತು, ಯಾರೂ ಇಳಿಯಲಿಲ್ಲ.

ಶಾಲೆಯ ವರಾಂಡದಲ್ಲಿ ನಾನೊಬ್ಬನೇ. ಸಂದರ್ಶನ ನಡೆಸಲು ಬೇರೆ ಸೀಮೆಯಿಂದ ಬಂದಿದ್ದ ಸಾಹೇಬರು ಹೊರಗೆ ಬಂದು ಅತ್ತಿತ್ತ ನೋಡಿ, "ಬಾಕಿ ಮಂದಿ ಎಲ್ಲಿ?" ಎಂದು ಜವಾನನನ್ನು ಕೇಳಿದರು.

"ಇವತ್ತು ಅಮಾಸಿ ಅಲ್ರೀ ಸಾಹೇಬ್ರ? ಹೊಸಾ ಕೆಲ್ಸಕ್ಕ ಯಾರು ಊರು ಬಿಡತಾರ್ರೀ?"

ಸಾಹೇಬರು ನನ್ನತ್ತ ತಿರುಗಿದರು. "ನಿಮಗ ಅಮಾಸಿ ಇಲ್ಲೇನು?"

"ಲೆಕ್ಕಕ್ಕ ಇಟ್ಟಿರಲಿಲ್ರಿ."

ಅವರು ನಕ್ಕು ಒಳಗೆ ಕರೆದು, ಕರಿಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸಲು ಹೇಳಿದರು. ಅಂಕಿಗಳಿಗೆ ಉರ್ದು ಕನ್ನಡದ ಜಗಳವಿಲ್ಲ. ಬಿಡಿಸಿದೆ. ಸಂಜೆಯೊಳಗೆ ನೇಮಕದ ಆದೇಶ ಕೈಗೆ ಬಂತು.

ಅಪ್ಪ ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿ, "ಹೋಗು. ಗಾದಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಗಿರಾಕಿಗಳ ಕಡೆ ಮುಖ ತಿರುಗಿಸಿದ. ಗೆಳೆಯ ಮಾತ್ರ ಬಹಳ ದಿನ ಪೀಡಿಸಿದ: "ಕೇಳಿದ್ದಕ್ಕ ಸಿಕ್ತೋ, ಕೇಳಿದ್ರೂ ಸಿಕ್ತೋ? ಹೇಳಲೇ ಗಣಿತದ ಮಾಸ್ತರ!" ಶಕುನವನ್ನು ಸುಳ್ಳು ಮಾಡಲು ಹೋದವನಿಗೆ, ಬೇರೆಯವರು ಶಕುನ ನಂಬಿದ್ದರಿಂದಲೇ ಕೆಲಸ ಸಿಕ್ಕಿದ್ದರೆ, ಆ ಪ್ರಯೋಗದ ಫಲಿತಾಂಶವನ್ನು ಯಾವ ಕಡೆಗೆ ಬರೆಯಬೇಕು?

ಅಕ್ಕ ಅಷ್ಟನ್ನೂ ಒಪ್ಪುವುದಿಲ್ಲ. "ಅವತ್ತು ಅಮಾಸಿ ಇದ್ದಿದ್ರ ಅವ್ವ ನಿನ್ನ ಹೊಸ್ತಿಲಾ ದಾಟಸ್ತಿದ್ಲೇನು? ಜವಾನನ ಮಾತು ನೀನಾ ಕಟ್ಟಿದ್ದು" ಎನ್ನುತ್ತಾಳೆ. ಜವಾನನ ಮಾತಿಗೆ ನನ್ನಲ್ಲಿ ಸಾಕ್ಷಿಯಿಲ್ಲ. ಖಾಲಿ ಬಸ್ಸಿಗೂ ಇಲ್ಲ. ಆದರೆ ಆದೇಶದ ಮೇಲೆ ತಾರೀಖಿತ್ತು. ಬಹಳ ವರ್ಷಗಳ ಮೇಲೆ ಆ ಸಂವತ್ಸರದ ಪಂಚಾಂಗವನ್ನು ಹುಡುಕಿ ತೆಗೆದು ನೋಡಿದೆ. ಆ ದಿನ ಅಮಾವಾಸ್ಯೆಯೇ ಆಗಿತ್ತು.